ಹಗ್ಗ ಹಿಡಿದು ಕೊಟ್ಟ ಸಂದರ್ಶನ

“ಹಗ್ಗ ಬಿಡ್ಬೇಡ್ವೋ ಬೋಳಿಮಗನೇ! ನಿಮ್ಮಪ್ಪ ಒಳಗೇ ಸತ್ರೆ ಹೆಣ ಎತ್ತೋಕೆ ಇನ್ನೊಬ್ಬನ್ನ ಕರೆಸ್ಬೇಕು,” ಎಂದರು ಡೈರೆಕ್ಟರ್ ಸಾರ್, ಮೂಗಿಗೆ ಕರ್ಚೀಫು ಒತ್ತಿಕೊಂಡು. ಅವರು ಅಧಿಕಾರಿಗಳನ್ನು ತಯಾರಿಸುವ ತರಬೇತಿ ಕೇಂದ್ರದ ಒಡೆಯರು. ಅದರ ಹಿತ್ತಲಿನ ಕಕ್ಕಸು ಗುಂಡಿ ತುಂಬಿ, ಭಾವೀ ಅಧಿಕಾರಿಗಳೆಲ್ಲ ಮೂರು ದಿನದಿಂದ ಹೊಟ್ಟೆ ಹಿಡಿದುಕೊಂಡು ಓದುತ್ತಿದ್ದರು.

ಒಪ್ಪಂದ ಕುದುರಿಸಿದವನು ನಾನೇ. ಅಪ್ಪ ಗುಂಡಿ ಬಳಿಯುವುದು, ಸಾರ್ ನನಗೆ ಪುಕ್ಕಟೆಯಾಗಿ ಅಣಕು ಸಂದರ್ಶನ ಮಾಡುವುದು. ಲಿಖಿತ ಪರೀಕ್ಷೆ ಹೇಗೋ ಪಾಸಾಗಿತ್ತು. ಮುಂದಿನ ವಾರ ನಿಜವಾದ ಸಂದರ್ಶನ. ವಯಸ್ಸು ಮೀರುತ್ತಿದ್ದ ನನಗೆ ಇದೇ ಕೊನೆಯ ಸಲ. ಇಂಥ ವ್ಯವಹಾರ ಕುದುರಿಸಿದವನು ಆಡಳಿತಕ್ಕೆ ಲಾಯಕ್ಕೇ ಸರಿ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ನನ್ನ ಕನಸಿನಲ್ಲಿ ಬಂಗಲೆ, ಕಾರು, ಅದರ ಬಾಗಿಲು ತೆಗೆಯಲೊಬ್ಬ, ಮುಚ್ಚಲೊಬ್ಬ. ಅಪ್ಪನಿಗೆ ಬೇಕಿದ್ದುದು ಇಷ್ಟೇ: “ನೀನೊಬ್ಬ ಸಾಹೇಬ ಆಗ್ಬಿಡು ಮಗಾ, ನಾನು ಇಳಿಯೋದು ಬಿಟ್ಬಿಡ್ತೀನಿ.”

ಆ ಸಾಹೇಬ ಈಗ ಎರವಲು ಟೈ ಕಟ್ಟಿಕೊಂಡು, ಅಪ್ಪನ ಸೊಂಟದ ಹಗ್ಗ ಹಿಡಿದು ಗುಂಡಿಯ ಬಾಯಲ್ಲಿ ನಿಂತಿದ್ದ. ಸಾರ್‌ಗೆ ಪುರುಸೊತ್ತಿಲ್ಲ; ಎರಡೂ ಕೆಲಸ ಒಟ್ಟಿಗೇ ಮುಗಿಯಬೇಕಂತೆ.

“ನೆಟ್ಟಗೆ ನಿಂತ್ಕೊ. ತಂದೆ ಏನ್ಮಾಡ್ತಾರೆ?”

“ನಗರ ನೈರ್ಮಲ್ಯ ಕ್ಷೇತ್ರದಲ್ಲಿದ್ದಾರೆ ಸಾರ್.” ಅವರೇ ಕಲಿಸಿದ ಉತ್ತರ.

ಕೆಳಗೆ ಅಪ್ಪ ಕೆಮ್ಮಿದ.

ಸಾರ್ ಮೊಬೈಲು ನೋಡಿ ಹಳೆಯ ಪ್ರಶ್ನೆಯೊಂದನ್ನು ಓದಿದರು. “ನೀವು ಜಿಲ್ಲಾಧಿಕಾರಿ. ಒಬ್ಬನನ್ನ ಕಕ್ಕಸು ಗುಂಡಿಗೆ ಇಳಿಸಿದ್ದಾರೆ ಅಂತ ದೂರು ಬರತ್ತೆ. ಏನು ಕ್ರಮ?”

ಓದಿದ ಅವರಿಗೆ ಏನೂ ಅನ್ನಿಸಲಿಲ್ಲ. ಕೇಳಿದ ನನಗೂ ಅನ್ನಿಸಲಿಲ್ಲ. ನನ್ನ ತಯಾರಿ ಅಷ್ಟು ಪಕ್ಕಾ! “ಇದು ಕಾನೂನುಬಾಹಿರ ಸಾರ್. ಮೊದಲು ಆ ವ್ಯಕ್ತಿಯನ್ನ ಮೇಲೆತ್ತಿಸ್ತೀನಿ. ಆಮೇಲೆ ಇಳಿಸಿದವರ ಮೇಲೆ ಕೇಸು,” ಎಂದು ಕಲಮುಗಳ ಸಮೇತ ಗಿಳಿಪಾಠ ಒಪ್ಪಿಸಿದೆ. ಹತ್ತಕ್ಕೆ ಒಂಬತ್ತು ಕೊಟ್ಟರು. ಹಲ್ಲು ಕಿರಿದೆ.

ಅಷ್ಟರಲ್ಲಿ ಹಗ್ಗ ಜಗ್ಗಿತು. “ಮಗಾ… ಉಸಿರು ಕಟ್ತಿದೆ…”

“ಇನ್ನೈದು ನಿಮಿಷ ತಡ್ಕೊಳ್ಳೋಕೆ ಹೇಳೋ ಅವನಿಗೆ. ಮುಂದಿನ ಪ್ರಶ್ನೆ—”

ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕೆನಿಸಿತು. ಜೀವ ಬಿಟ್ಟು ಎಳೆದೆ. ಮೇಲೆ ಬಂದ ಅಪ್ಪ ನೆಲಕ್ಕೆ ಬಿದ್ದು ಬಾಯಿ ಬಾಯಿ ಬಿಡುತ್ತಲೇ, “ಅರ್ಧ ಉಳೀತಲ್ಲೋ, ಸಾರ್ ಬೈತಾರೆ,” ಎಂದ. ಟೈ ಬಿಚ್ಚಿ ಅವನ ಮೂಗು, ಬಾಯಿ ಒರೆಸಿದೆ. ಆಮೇಲೆ ಫೋನು ತೆಗೆದು ಪೊಲೀಸರ ನಂಬರು ಒತ್ತಿದೆ.

“ಹೇಲು ಬಾಚೋರಿಗೆ ಸಾಹೇಬಗಿರಿ ಬೇರೆ ಕೇಡು!” ಸಾರ್ ಕೂಗಾಡಿದರು. “ಕೇಸು ಬಿದ್ರೆ ನಿನ್ಮೇಲೂ ಬೀಳತ್ತೆ. ಕರ್ಕೊಂಡ್ ಬಂದೋನು ನೀನೇ ತಾನೆ? ಕೇಸಿರೋನಿಗೆ ಯಾವನೋ ನೌಕರಿ ಕೊಡ್ತಾನೆ?”

ಅಪ್ಪ ನನ್ನ ಕಾಲು ಹಿಡಿದು, “ಬೇಡ್ವೋ ಮಗಾ,” ಎಂದ.

ಫೋನಿನಲ್ಲಿ ನಡೆದದ್ದನ್ನು ಹೇಳಿದೆ. ಅತ್ತ ಕಡೆಯಿಂದ, “ಗುಂಡಿಗೆ ಇಳಿಸಿದ್ದು ಯಾರು?” ಎಂದು ಕೇಳಿದರು.

“ಇಬ್ರು ಸಾರ್,” ಎಂದೆ. “ಮೊದಲು ನನ್ನ ಹೆಸರು ಬರ್ಕೊಳ್ಳಿ.”