ದೇವರ ಮೀನೂ ನಮ್ಮ ಮೀನೂ

ನಮ್ಮತ್ತೆ ಮಾಸ್ತಮ್ಮ ಮೀನು ತಿನ್ನುವುದನ್ನು ಬಿಟ್ಟದ್ದು ಲಿಂಗನಮಕ್ಕಿ ಅಣೆಕಟ್ಟೆಯ ನೀರು ನಮ್ಮೂರನ್ನು ಮುಳುಗಿಸಿದ ವರ್ಷ. ಮೀನಿನ ಸಾರಿಲ್ಲದಿದ್ದರೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ ಎನ್ನುತ್ತಿದ್ದ ಹೆಂಗಸು ಇದ್ದಕ್ಕಿದ್ದಂತೆ ಮಜ್ಜಿಗೆ ಕಲಸಿಕೊಂಡು ಉಣ್ಣತೊಡಗಿದರೆ ಮನೆಯವರಿಗೆ ಹೇಗಾಗಬೇಡ? ನನ್ನ ಅಡುಗೆಯ ಮೇಲೇ ಮುನಿಸು ಎಂದುಕೊಂಡು ನಾನು ಸಿಟ್ಟು ಮಾಡಿಕೊಂಡೆ. ಹೆಸರೇ ಹುಲಿಯಮ್ಮ. ಸಿಟ್ಟು ನನಗೆ ಮೊದಲು ಬರುತ್ತದೆ, ಕಾರಣ ಆಮೇಲೆ ಹುಡುಕುತ್ತೇನೆ.

ಕಾರಣ ಬೇರೆಯೇ ಇತ್ತು. ಹಳೆಯ ಊರಿನಲ್ಲಿ ಶರಾವತಿಯ ದಂಡೆಗೆ ಭೂತಪ್ಪನ ಬನ, ಬನದ ಬುಡಕ್ಕೆ ಹೊಳೆಯಲ್ಲೊಂದು ಆಳವಾದ ಮಡು. ಮಡುವಿನ ಮೀನು ದೇವರದು, ಅಲ್ಲಿ ಯಾರೂ ಗಾಳ ಹಾಕುವಂತಿರಲಿಲ್ಲ. ಉಳಿದ ಹೊಳೆಯ ಮೀನು ಊರಿನವರದು. ಮೈಮೇಲೆ ಕಜ್ಜಿ ಎದ್ದವರು ಮಡುವಿನ ಮೀನಿಗೆ ಮಂಡಕ್ಕಿ ಹಾಕುತ್ತೇವೆಂದು ಹರಕೆ ಹೊರುತ್ತಿದ್ದರು. ಅತ್ತೆಗೆ ಹರಕೆಯ ನೆಪವೂ ಬೇಕಿರಲಿಲ್ಲ. ದಿನಾ ಬೆಳಿಗ್ಗೆ ಒಂದು ಮುಷ್ಟಿ ಅನ್ನ ಒಯ್ದು, “ಬನ್ರೋ, ಬನ್ರೋ” ಎಂದು ಕರೆಯುತ್ತಿದ್ದರು. ಮೀನುಗಳು ಅವರ ಕೈಯ ಹತ್ತಿರವೇ ಬಂದು ಬಾಯಿ ತೆರೆಯುತ್ತಿದ್ದವು. ಅಣೆಕಟ್ಟೆಯ ನೀರು ಏರಿದ ಮೇಲೆ ಮಡುವೂ ಇಲ್ಲ, ಹೊಳೆಯೂ ಇಲ್ಲ, ಎಲ್ಲ ಒಂದೇ ನೀರು.

“ಈಗ ಯಾವ್ದು ದೇವ್ರ ಮೀನು, ಯಾವ್ದು ನಮ್ಮ ಮೀನು ಅಂತ ಹೆಂಗೆ ಗೊತ್ತಾಗ್ತದೆ?” ಎಂದರು ಅತ್ತೆ. “ತಿಂದ ಮೇಲೆ ಗೊತ್ತಾದ್ರೆ ಎಂತ ಮಾಡೋದು? ನೀವು ತಿನ್ನಿ. ನಂಗೆ ಬೇಡ.”

ಇದಕ್ಕೆ ಯಾವ ಸರಕಾರ ಉತ್ತರ ಕೊಟ್ಟೀತು? ನಮಗೆ ಹೊಸನಗರದ ಕಡೆ, ಹಿನ್ನೀರಿಗೆ ಹತ್ತಿರವಾಗಿಯೇ, ಬೇರೆ ಜಾಗ ಸಿಕ್ಕಿತ್ತು. ನಮ್ಮ ಮನೆಯವರು ಕೆರಿಯಪ್ಪ ಗದ್ದೆ ಕೆಲಸ ಮುಗಿದರೆ ಸಾಕು, ಗಾಳ ಹಿಡಿದು ಹೊರಡುವವರು. ಹೊಟ್ಟೆಪಾಡಿಗಲ್ಲ, ಬರೀ ಚಟ. ಗಾಳಕ್ಕೆ ಎರೆಹುಳ ಚುಚ್ಚುವುದನ್ನು ಕಲಿಸಿದವರು ಅವರವ್ವನೇ. ದೊಡ್ಡ ಮೀನು ಸಿಕ್ಕಿದ ದಿನ ಅಂಗಳದಿಂದಲೇ “ಅವ್ವಾ” ಎಂದು ಕೂಗಿಕೊಂಡು ಬರುತ್ತಿದ್ದರು. ಅತ್ತೆ ಮೀನು ಬಿಟ್ಟ ಮೇಲೂ ಕೆಲವು ಸಲ ತಂದರು. ಎದುರಿಗೆ ಕೂತ ಅವ್ವ ಮಜ್ಜಿಗೆ ಅನ್ನ ಕಲಸುವುದನ್ನು ನೋಡಿ, ತಾವೂ ಅರ್ಧಕ್ಕೇ ಕೈ ತೊಳೆಯುತ್ತಿದ್ದರು. ಕಡೆಗೆ ಗಾಳ ಅಟ್ಟಕ್ಕೆ ಹೋಯಿತು. ಅವ್ವ ಸೊರಗಿದರು, ಮಗ ಸಪ್ಪಗಾದರು. ಇಬ್ಬರನ್ನೂ ನೋಡಿ ನೋಡಿ ನನಗೆ ಸಾಕಾಗಿಹೋಗಿತ್ತು.

ಹೀಗಿರುವಾಗ ನಮ್ಮವರ ಬಾಲ್ಯದ ಗೆಳೆಯ ರಾಮಚಂದ್ರಪ್ಪ ಒಂದು ಹಸಿರು ಪೆಟ್ಟಿಗೆ ಹಿಡಿದುಕೊಂಡು ಮನೆಗೆ ಬಂದರು. ಅವರು ಅಣೆಕಟ್ಟೆಯ ಕೆಲಸದಲ್ಲಿ ಮೆಕ್ಯಾನಿಕ್. ಕೆಲಸ ಮುಗಿಸಿ ತನ್ನ ದೇಶಕ್ಕೆ ಹೋದ ಸಾಹೇಬನೊಬ್ಬ ಪ್ರೀತಿಯಿಂದ ಕೊಟ್ಟದ್ದಂತೆ. ಪೆಟ್ಟಿಗೆಯಿಂದ ಒಂದು ವೈರು, ಅದರ ತುದಿಗೆ ಒಂದು ಬಿಲ್ಲೆ. ಬಿಲ್ಲೆಯನ್ನು ನೀರಿಗೆ ಬಿಟ್ಟರೆ ಅದು ನಮ್ಮ ಕಿವಿಗೆ ಕೇಳದ ಸದ್ದನ್ನು ಕೆಳಕ್ಕೆ ಕಳಿಸುತ್ತದೆ, ಸದ್ದು ತಳಕ್ಕೆ ಬಡಿದು ವಾಪಸು ಬರುತ್ತದೆ. ಎಷ್ಟು ಅಡಿ ಆಳವೋ ಆ ಅಂಕಿಯ ಹತ್ತಿರ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗುತ್ತದೆ. ನಡುವೆ ಮೀನಿದ್ದರೆ ಅಲ್ಲೊಂದು ಸಣ್ಣ ದೀಪ.

“ಮೀನು ಹುಡ್ಕೋಕೂ ಮಿಷನ್ನಾ ರಾಮಚಂದ್ರಣ್ಣ? ಮುಳ್ಳು ಬಿಡ್ಸೋಕೂ ಒಂದು ತಂದ್ಬಿಡಿ,” ಎಂದೆ.

ರಾಮಚಂದ್ರಪ್ಪ ನಕ್ಕರು. ನಮ್ಮವರು ನಗಲಿಲ್ಲ, ಪೆಟ್ಟಿಗೆಯನ್ನೇ ನೋಡುತ್ತಿದ್ದರು.

“ದೇವ್ರ ಮೀನು ಮಡುವಿನಾಗೇ ಇದಾವೆ ಅಂತ ಇದ್ರಲ್ಲಿ ಅವ್ವಂಗೆ ತೋರ್ಸಿದ್ರೆ?” ಎಂದರು ಮೆಲ್ಲಗೆ. “ಅವು ಅಲ್ಲೇ ಇದ್ರೆ ಉಳಿದಿದ್ದೆಲ್ಲ ನಮ್ಮದೇ ಆಯ್ತಲ್ಲ. ಅವ್ವ ತಿಂತಾಳೆ.”

ಕೇಳಿದರೆ ಅತ್ತೆ ಬರುವುದೇ ಇಲ್ಲ ಎಂದರು. ಭಾನುವಾರ ಬೆಳಿಗ್ಗೆ ನೋಡಿದರೆ, ಒಗೆದ ಸೀರೆ ಉಟ್ಟು, ಮಡಿಲಲ್ಲಿ ಮಂಡಕ್ಕಿ ಕಟ್ಟಿಕೊಂಡು, ಎಲ್ಲರಿಗಿಂತ ಮೊದಲು ಬೇಲಿ ಬಾಗಿಲಿನ ದಣಪೆಯ ಹತ್ತಿರ ನಿಂತಿದ್ದರು.

ನಮ್ಮವರು ದೋಣಿಗೆ ಹುಟ್ಟು ಹಾಕಿದರು, ರಾಮಚಂದ್ರಪ್ಪ ಪೆಟ್ಟಿಗೆ ಹಿಡಿದು ಕೂತರು. ಊರಿನಲ್ಲಿ ಮುಳುಗದೆ ಉಳಿದದ್ದು ದನ ಮೇಯುತ್ತಿದ್ದ ಗುಡ್ಡದ ನೆತ್ತಿಯೊಂದೇ. ಅತ್ತೆ ಅದನ್ನು ಗುರುತು ಹಿಡಿದು ದಾರಿ ಹೇಳತೊಡಗಿದರು.

“ಇದು ನಮ್ಮ ಪಕ್ಕದ್ಮನೆ ದುಗ್ಗಮ್ಮನ ಹಿತ್ಲು. ಇಲ್ಲಿಂದ ಎಡಕ್ಕೆ ಇಳೀರಿ.”

ದೋಣಿಯಲ್ಲಿ ಕೂತು ಹಿತ್ತಿಲು ಇಳಿಯುವ ಮಾತು! ನನಗೆ ನಗು ಬಂತು, ನಗಲು ಮನಸ್ಸಾಗಲಿಲ್ಲ. ತಳದ ದೀಪ ಮೂವತ್ತು ಅಡಿ, ನಲವತ್ತು ಅಡಿ ಎನ್ನುತ್ತಿತ್ತು. ಅದಕ್ಕಿಂತ ಮೇಲೆ ಅಲ್ಲಲ್ಲಿ ಸಣ್ಣ ದೀಪಗಳು ಮಿನುಗಿ ಮರೆಯಾಗುತ್ತಿದ್ದವು. ಮೀನು, ಮೀನು ಎಂದು ರಾಮಚಂದ್ರಪ್ಪ ಕೂತಲ್ಲೇ ಚಡಪಡಿಸುತ್ತಿದ್ದರು. ಸ್ವಲ್ಪ ದೂರ ಹೋದದ್ದೇ ತಳದ ದೀಪ ಎಪ್ಪತ್ತಕ್ಕೆ ಜಾರಿತು.

“ಮಡು,” ಎಂದರು ಅತ್ತೆ. ಅವರಿಗೆ ಅಂಕಿ ಓದಲು ಬರುತ್ತಿರಲಿಲ್ಲ, ಗುಡ್ಡ ನೋಡಿಯೇ ಹೇಳಿದ್ದು.

ಅಲ್ಲಿ ತಳದ ದೀಪ ಬಿಟ್ಟರೆ ಇನ್ನೊಂದು ದೀಪವಿರಲಿಲ್ಲ. ನಮ್ಮವರು ಮಡುವಿನ ಮೇಲೆಲ್ಲ ದೋಣಿ ತಿರುಗಿಸಿದರು. ಅತ್ತೆ ಮಂಡಕ್ಕಿ ಚೆಲ್ಲಿ, “ಬನ್ರೋ, ಬನ್ರೋ” ಎಂದು ಕರೆದರು. ಮಂಡಕ್ಕಿ ತೇಲಿಕೊಂಡು ಹರಡಿಹೋಯಿತು, ಒಂದು ಕಾಳೂ ಮುಳುಗಲಿಲ್ಲ.

“ಅಗಾ ಅವ್ವಾ, ಬಂತು ನೋಡು!” ಎಂದು ನಮ್ಮವರು ತಳದ ದೀಪವನ್ನೇ ಬೆರಳಿಟ್ಟು ತೋರಿಸಿದರು. “ಅದೇ ದೇವ್ರ ಮೀನು!”

ಅತ್ತೆ ಬಿಸಿಲಿಗೆ ಕೈ ಅಡ್ಡ ಹಿಡಿದು ಪೆಟ್ಟಿಗೆ ನೋಡಿದರು, ಮಗನ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಹುಲಿಯಮ್ಮ, ನೀ ಹೇಳು. ನಿಂಗೆ ಸುಳ್ಳು ಹೇಳೋಕೆ ಬರಲ್ಲ.”

ನಮ್ಮವರು ಕಣ್ಣಲ್ಲೇ ಅಂಗಲಾಚುತ್ತಿದ್ದರು. ಹೂಂ ಎಂದಿದ್ದರೆ ಆ ಹೊತ್ತಿಗೆ ಎಲ್ಲರಿಗೂ ಸುಖ. ನನಗೂ ಹಾಗೆನ್ನುವ ಆಸೆಯಾಯಿತು, ದೇವರಾಣೆ ಆಯಿತು. ಆದರೆ ಆ ಮೀನುಗಳಿಗೆ ಕೈಯಾರೆ ಅನ್ನ ಹಾಕಿ ಸಾಕಿದವರು ಕೇಳುತ್ತಿದ್ದಾರೆ. ಅವರಿಗೆ ಹೇಗೆ ಸುಳ್ಳು ಹೇಳಲಿ?

“ಇಲ್ಲ ಅತ್ತೆ. ಅದು ತಳ. ಮಡುವಿನಾಗೆ ಒಂದೂ ಮೀನಿಲ್ಲ.”

ನಮ್ಮವರು ಹುಟ್ಟನ್ನು ಎತ್ತಿ ದೋಣಿಯೊಳಗೆ ಹಾಕಿದರು. ನನ್ನ ಕಡೆ ನೋಡಲಿಲ್ಲ.

“ಬರ್ತಾ ದಾರೀಲಿ ಸಣ್ಣ ಸಣ್ಣ ದೀಪ ಇತ್ತಲ್ಲ, ಅದೆಲ್ಲ?” ಎಂದು ಅತ್ತೆ ಕೇಳಿದರು.

“ಅವು ಮೀನೇ ಅಮ್ಮ,” ಎಂದರು ರಾಮಚಂದ್ರಪ್ಪ. “ಅಲ್ಲೆಲ್ಲ ರಾಶಿ ಇದಾವೆ. ಇಲ್ಲಿ ಆಳ ಜಾಸ್ತಿ ಆಯ್ತು, ಮೇವು ಸಿಗ್ಲಿಲ್ವೇನೋ. ಮೇಲಕ್ಕೆ ಹೋಗಿದಾವೆ.”

“ಅಂದ್ರೆ ಬದುಕ್ಕಂಡಿದಾವೆ.”

ಅತ್ತೆ ದೋಣಿಯ ಅಂಚು ಹಿಡಿದು ನೀರಿಗೆ ಬಗ್ಗಿದರು. ನಾನು ಅವರ ಸೆರಗು ಹಿಡಿದುಕೊಂಡೆ, ಎಲ್ಲಿ ಬಿದ್ದುಬಿಡುತ್ತಾರೋ ಎಂದು.

“ಅವು ಇಲ್ಲೇ ಕಾಯ್ತಾ ಕೂತಿದಾವೆ ಅಂದ್ಕಂಡಿದ್ದೆ ಕಣೆ,” ಎಂದರು. “ಈ ಮುದುಕಿ ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತ ಹಸ್ಕಂಡು ಕೂತಿದಾವೆ ಅಂತ. ಹೆಂಗೆ ತಿನ್ಲಿ ನಾನು?”

ಅವರು ಮೀನು ಬಿಟ್ಟು ಎರಡು ವರ್ಷವಾಗಿತ್ತು, ಒಂದೇ ಮನೆಯಲ್ಲಿದ್ದೂ ನಮಗೆ ಇದು ತಿಳಿದಿರಲಿಲ್ಲ. ನಮ್ಮವರು “ಅವ್ವಾ” ಎಂದು ಅವರ ಬೆನ್ನು ಸವರಿದರು.

ಅತ್ತೆ ಮುಖ ಒರೆಸಿಕೊಂಡರು. “ದೇವ್ರೇ ಅವನ್ನ ಬಿಟ್ಟು ಕಳ್ಸಿದ ಮೇಲೆ ನಾನ್ಯಾಕೆ ಹಿಡ್ಕಂಡು ಕೂರ್ಲಿ? ಎಲ್ಲಾ ಹೊಳೆ ಮೀನೇ ಈಗ. ಕೆರಿಯಾ, ಗಾಳ ತಂದಿದೀಯನಾ?”

ಇವರು ತಂದಿರಲಿಲ್ಲ. ರಾಮಚಂದ್ರಪ್ಪ ಕಾಲ ಬುಡದ ಚೀಲದಿಂದ ತಮ್ಮ ಗಾಳವನ್ನೂ ಎರೆಹುಳದ ಡಬ್ಬಿಯನ್ನೂ ತೆಗೆದರು.

“ಇಲ್ಲಿ ಬೇಡ,” ಎಂದರು ಅತ್ತೆ. “ದುಗ್ಗಮ್ಮನ ಹಿತ್ಲಿಗೆ ನಡೀರಿ. ಅವಳು ಒಂದು ದಿನಾನೂ ಒಂದು ಬಸಳೆ ದಂಟು ಕೊಟ್ಟವಳಲ್ಲ. ಒಂದು ಮೀನಾದ್ರೂ ಕೊಡ್ಲಿ.”

ಹುಳ ಚುಚ್ಚಿದವರು ಅತ್ತೆ. ಗಾಳ ಎಲ್ಲಿ ಬಿಡಬೇಕೆಂದು ತೋರಿಸಿದ್ದು ಹಸಿರು ಪೆಟ್ಟಿಗೆ. ಮೊಳದುದ್ದದ ಬಾಳೆಮೀನು ದೋಣಿಯೊಳಗೆ ಬಿದ್ದು ಒದ್ದಾಡಿದಾಗ ಅವ್ವ ಮಗ ಇಬ್ಬರೂ ಸೇರಿ ಹಾಕಿದ ಕೂಗಿಗೆ ದೋಣಿಯೇ ಮಗುಚುವುದರಲ್ಲಿತ್ತು.

ಅವತ್ತು ಸಂಜೆ ಸಾರು ಮಾಡುವಾಗ ಮೂರು ಸಲ ರುಚಿ ನೋಡಿದೆ. ಮದುವೆಯಾಗಿ ಬಂದ ಹೊಸದರಲ್ಲೂ ಅಷ್ಟು ಸಲ ನೋಡಿರಲಿಲ್ಲ. ಬಡಿಸಿದೆ. ಅತ್ತೆ ಮುಳ್ಳು ಬಿಡಿಸಿ, ಅನ್ನಕ್ಕೆ ಸೇರಿಸಿ, ಒಂದು ತುತ್ತು ಬಾಯಿಗಿಟ್ಟರು. ನಮ್ಮವರು ತಮ್ಮ ತಟ್ಟೆ ಮುಟ್ಟದೆ ಅವರನ್ನೇ ನೋಡುತ್ತಿದ್ದರು.

“ಹುಳಿ ಸಾಲ್ದು,” ಎಂದರು ಅತ್ತೆ. “ಖಾರನೂ ಸರೀಗೆ ಅರೆದಿಲ್ಲ. ಇಷ್ಟು ವರ್ಷ ಆದ್ರೂ ಮೀನಿನ ಸಾರು ಮಾಡೋಕೆ ಬರ್ಲಿಲ್ಲ ನಿಂಗೆ.”

ನಾನೆಲ್ಲಿ ರೇಗುತ್ತೇನೋ ಎಂದು ನಮ್ಮವರು ಹೆದರಿ ನನ್ನ ಕಡೆ ನೋಡಿದರು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅತ್ತೆಯ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಬೇಡ ಎನ್ನಲಿಲ್ಲ ಅವರು.