ಮೂರನೇ ಗುಂಡಿ

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಹತ್ತು ಮಹಡಿ ಏರುವ ಯಂತ್ರವನ್ನು ಅರ್ಧ ಗಂಟೆಯಲ್ಲಿ ದಾರಿಗೆ ತರುವ ಈ ಮಹಾಶಯರು, ಬೇಳೆಕಾಳಿನಷ್ಟು ಚಿಕ್ಕ ಚಿಪ್ ಒಂದನ್ನು ಮುಂದಿಟ್ಟುಕೊಂಡು ಮೂರು ವಾರ ಊಟದ ಮೇಜನ್ನೇ ಆಕ್ರಮಿಸಿದ್ದರು. ನಾವು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಂಡೆವು.

ನಾನು ಬಾಯಿ ಮುಚ್ಚಿಕೊಂಡಿದ್ದು ಅತ್ತೆಗಾಗಿ. ನಲವತ್ತು ವರ್ಷ ಪಿಟೀಲು ಕಲಿಸಿದವರು. ಲಕ್ವ ಹೊಡೆದ ಮೇಲೆ ಎಡಗೈ ಬೆರಳುಗಳು ಮಾತು ಕೇಳುವುದನ್ನು ಬಿಟ್ಟಿದ್ದವು. ಈ ತಿಂಗಳಾದರೂ ಅಭ್ಯಾಸ ಶುರುಮಾಡದಿದ್ದರೆ ಇನ್ನು ಪಿಟೀಲು ಹಿಡಿಯುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅತ್ತೆಯೋ, ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಸೋಫಾ ಕೆಳಗೆ ಉರುಳಿಸಿ ಕೈತೊಳೆದುಕೊಂಡಿದ್ದರು.

ಕೊನೆಗೂ ಅತ್ತೆಯ ಎಡಗೈಗೆಂದೇ ಇವರು ಮಾಡುತ್ತಿದ್ದ ಆಟಿಕೆ ಸಿದ್ಧವಾಯಿತು. ಬೆರಳಿಗೊಂದರಂತೆ ನಾಲ್ಕು ಗುಂಡಿ, ಪುಟ್ಟ ಸ್ಪೀಕರ್, ಗಡಿಯಾರದ ಸೆಲ್ಲು. ಅದು ನುಡಿಸಿದ ಕ್ರಮದಲ್ಲೇ ಗುಂಡಿಗಳನ್ನು ಒತ್ತಿದರೆ ಗೆಲುವು.

"ಒಂದು ಸೆಲ್ಲಲ್ಲಿ ವರ್ಷಗಟ್ಟಲೆ ಓಡುತ್ತೆ ಅಮ್ಮ," ಎಂದರು ಇವರು, ಬೀಗುತ್ತಾ.

ಅತ್ತೆ ಬಲಗೈಯಿಂದ ಒತ್ತಿ ಗೆದ್ದುಬಿಟ್ಟರು. ನಾನು ಹಣೆ ಚಚ್ಚಿಕೊಂಡೆ. ಗೆದ್ದವರು ಮಾತ್ರ ಮುಖ ಸಿಂಡರಿಸಿದರು.

"ಮೂರನೇ ಸ್ವರ ಇಳಿದಿದೆ ಕಣೋ. ಕಿವಿ ಇಲ್ವಾ ನಿಂಗೆ?"

"ಕೂದಲೆಳೆಯಷ್ಟು ಅಮ್ಮ. ಚಿಪ್‌ನಲ್ಲಿ ಜಾಗ ಕಮ್ಮಿ, ಸ್ವರದ ಲೆಕ್ಕದಲ್ಲಿ ದಶಾಂಶ ಬಿಟ್ಟು ಹತ್ತಿರದ ಅಂಕಿ ಹಾಕ್ದೆ."

"ಪಿಟೀಲು ಟೀಚರ್ ಮಗ ಹತ್ತಿರದ ಅಂಕಿ ಹಾಕ್ತಾನಂತೆ!"

ಮತ್ತೆ ಒತ್ತಿದರು, ಮತ್ತೆ ಸಿಡುಕಿದರು. ತಡೆಯಲಾರದೆ ಆಟಿಕೆಯನ್ನು, ಪಿಟೀಲಿನಲ್ಲಿ ಸ್ವರ ತಿದ್ದುತ್ತಿದ್ದ ಎಡಗೈ ಕೆಳಗೆ ಎಳೆದುಕೊಂಡರು. ಉಂಗುರ ಬೆರಳು ನಡುಗುತ್ತಾ ಎದ್ದು, ಮೂರನೇ ಗುಂಡಿಯನ್ನು ಒತ್ತಿ, ತಂತಿಯ ಮೇಲೆ ಸ್ವರ ಏರಿಸುವ ಹಾಗೆ ಮುಂದಕ್ಕೆ ಹೊರಳಿತು.

"ಅಮ್ಮ, ಅದೇನು ತಂತಿನಾ? ಬೆರಳು ಹೊರಳಿಸಿದ್ರೆ ಏರಲ್ಲ..."

ಮೇಜಿನ ಕೆಳಗೆ ಗಂಡನ ಕಾಲನ್ನು ಬಲವಾಗಿ ತುಳಿದೆ. ಆಗ ಅವರಿಗೂ ಕಂಡಿತು. ಮೂರು ತಿಂಗಳಿಂದ ಅಲುಗದ ಬೆರಳು ಅದು. ನನಗೆ ಅಳು ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ಅತ್ತೆ ಇನ್ನಷ್ಟು ಹೊತ್ತು ಗುಂಡಿಯ ಜೊತೆ ಗುದ್ದಾಡಿ, ನಮ್ಮಿಬ್ಬರ ಮುಖ ನೋಡಿದರು. ಆಮೇಲೆ ತಮ್ಮ ಬೆರಳನ್ನು ನೋಡಿಕೊಂಡರು.

"ನಾಳೆನೇ ಸರಿ ಮಾಡ್ತೀನಮ್ಮ," ಎಂದರು ಇವರು, ಮೂಗೊರೆಸಿಕೊಳ್ಳುತ್ತಾ.

"ಮೂರನೇದನ್ನ ಮುಟ್ಟಿದ್ರೆ ನೋಡು!" ಅತ್ತೆ ಗದರಿದರು. "ನಾಲ್ಕನೇದನ್ನೂ ಸ್ವಲ್ಪ ಇಳಿಸಿಕೊಡು. ಕಿರುಬೆರಳು ಇನ್ನೂ ಮಲಗಿದೆ."