ಹಣೆಯಿಂದ ಇಳಿಯದ ಪದಕ

ಘೆನಿಮಾಗೆ ಎಪ್ಪತ್ತೊಂದು ವರ್ಷ. ಮಂಡಿ ಎರಡೂ ಕೈಕೊಟ್ಟಿದ್ದವು. ಆದರೂ ಆ ಬೆಳಿಗ್ಗೆ ತಿಜಿ ಉಜು ಪಟ್ಟಣದ ಒಡವೆ ಪ್ರದರ್ಶನದಲ್ಲಿ ಒಂದೇ ಗಾಜಿನ ಪೆಟ್ಟಿಗೆಯನ್ನು ಹದಿನಾಲ್ಕು ಸಲ ಸುತ್ತಿದಳು. ಕಾವಲುಗಾರ ಕುರ್ಚಿ ತಂದಿಟ್ಟ. ಕೂತವಳು ಕುರ್ಚಿ ಬೆಚ್ಚಗಾಗುವ ಮೊದಲೇ ಎದ್ದಳು.

ಪೆಟ್ಟಿಗೆಯೊಳಗಿನ ಗೊಂಬೆಯ ಹಣೆಯ ಮೇಲೆ ಅವಳ ತಾಯಿಯ ದುಂಡು ಬೆಳ್ಳಿ ಪದಕವಿತ್ತು. ಸುತ್ತ ಎಂಟು ಹವಳ. ನಡುವಿನ ಒಂಬತ್ತನೆಯದರ ಗೂಡು ಖಾಲಿ. ಗಾಜಿನ ಹೊರಗೆ, ಕೆಳಗೊಂದು ಚೀಟಿ: 'ಚೊಚ್ಚಲ ಗಂಡು ಹುಟ್ಟಿದಾಗ ತಾಯಿ ಹಣೆಗೆ ಧರಿಸಿದ್ದು. ಕೊಟ್ಟವರು: ಆ ಮಗ ಅರೆಜ್ಕಿ.'

ಅರೆಜ್ಕಿ ಅವಳ ತಮ್ಮ. ಹತ್ತು ಗಂಟೆಗೆ ಪೆಟ್ಟಿಗೆಯ ಪಕ್ಕ ಅವನ ಫೋಟೋ ತೆಗೆದು, ಚೀಟಿಯ ಸಮೇತ ಪ್ರದರ್ಶನದ ಪುಸ್ತಕದಲ್ಲಿ ಅಚ್ಚು ಹಾಕುವುದಿತ್ತು. ಅಷ್ಟರೊಳಗೆ ಚೀಟಿ ಬದಲಾಗಬೇಕು. ಅಚ್ಚಾದ ಸುಳ್ಳು ಹಟಮಾರಿ ಕತ್ತೆಯಿದ್ದಂತೆ, ಹೊಡೆದರೂ ಕದಲುವುದಿಲ್ಲ.

"ಏನಮ್ಮಾ, ಏನಾದ್ರೂ ಕಳ್ಕೊಂಡ್ರಾ?" ಎಂದಳು ಪ್ರದರ್ಶನದ ಉಸ್ತುವಾರಿ ನೂರಿಯಾ.

"ಹೂಂ, ನನ್ನನ್ನೇ. ಆ ಚೀಟೀಲಿರೋ ಗಂಡು ನಾನೇ ಕಣಮ್ಮ."

ನೂರಿಯಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಹಂಗ್ಯಾಕ್ ನೋಡ್ತೀಯ? ನಾನು ಹುಟ್ಟಿದ್ದಕ್ಕೇ ನಮ್ಮಮ್ಮ ಅದನ್ನ ಹಣೆಗೆ ಇಟ್ಕೊಂಡಿದ್ದು. 'ಹೆಣ್ಣು ಹೆತ್ತೋಳು ಎದೆಗೆ ಚುಚ್ಕೋಬೇಕು, ಇಳ್ಸೇ' ಅಂತ ಅಜ್ಜಿ ಬೀದೀಲಿ ನಿಂತು ಕೂಗಾಡಿದ್ಲು. ಅಮ್ಮ ಇಳಿಸ್ಲಿಲ್ಲ. ಸುದ್ದಿ ಕೇಳಿ ಬೆಟ್ಟದಾಚೆ ಏಳೂರಿನ ಆಡುಗಳು ಒಂದು ವಾರ ಹಾಲು ಕೊಡ್ಲಿಲ್ಲ."

"ಸಾಕ್ಷಿ?"

"ಆ ನಡುವಿನ ಹವಳ. ಹನ್ನೊಂದು ತಿಂಗಳ ಕೂಸಿದ್ದಾಗ ನುಂಗ್ಬಿಟ್ಟೆ. ಅಜ್ಜಿ ಹತ್ತು ದಿನ ಕಡ್ಡಿ ಹಿಡ್ಕೊಂಡು ನನ್ನ ಹಿಂದೆ ಕಾದ್ಲು. ಬರ್ಲೇ ಇಲ್ಲ. ಈಗ್ಲೂ ಒಳಗೇ ಇದೆ."

ಅಷ್ಟರಲ್ಲಿ ಅರೆಜ್ಕಿ ಬಂದ. ಹೆಗಲ ಮೇಲೆ ಹೊಸ ಬಿಳಿ ನಿಲುವಂಗಿ, ಮೀಸೆಗೆ ಆಲಿವ್ ಎಣ್ಣೆ.

"ಏನಕ್ಕ, ಬೆಳಿಗ್ಗೆಬೆಳಿಗ್ಗೇನೇ ಹವಳದ ಪುರಾಣ? ನಾನು ಹುಟ್ಟೋಕೆ ನಾಕು ವರ್ಷ ಮುಂಚೆ ಅಮ್ಮನ ಹಣೆಯಿಂದ ಕಿತ್ತು ನುಂಗಿದ್ದು, ಇನ್ನೂ ಅರಗಿಲ್ವಾ?"

ನಕ್ಕ. ನಕ್ಕ ಮೇಲೆ ತಾನಾಡಿದ್ದು ಅವನ ಕಿವಿಗೇ ಬಿತ್ತು. ಎಣ್ಣೆ ಹಚ್ಚಿದ ಮೀಸೆ ಎರಡೂ ಕಡೆ ಇಳಿಯಿತು.

ನೂರಿಯಾ ಪೆನ್ನು ತೆಗೆದು ಚೀಟಿಯ ಮೇಲೆ ಗೀಟು ಎಳೆದಳು. ಘೆನಿಮಾಳ ಕಾಲುಗಳು ಮೊದಲ ಸಲ ಒಂದು ಕಡೆ ನಿಂತವು. ಆದರೆ ನೂರಿಯಾ ಬೀಗದ ಕೈಯನ್ನೂ ತೆಗೆದಳು.

"ಹಾಗಾದ್ರೆ ಪದಕಾನ ಎದೆಗೆ ಇಳಿಸ್ಬೇಕಮ್ಮ. ಹೆಣ್ಣುಮಗು ಅಂದ್ಮೇಲೆ ಪದ್ಧತಿ ಅದೇ. ಇಲ್ದಿದ್ರೆ ನೋಡೋರು ನಮ್ಮನ್ನ ಆಡ್ಕೊಂಡು ನಗ್ತಾರೆ."

ಬೀಗ ಅರ್ಧ ತಿರುಗಿತು. ಅಜ್ಜಿ ಅಷ್ಟು ಕಿರುಚಿ ಮಾಡಲಾಗದ್ದನ್ನು ಈ ಹುಡುಗಿ ನಗುನಗುತ್ತಾ ಮಾಡಿಬಿಡುತ್ತಾಳೆ! ಘೆನಿಮಾ ಗಾಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಇಳಿಸ್ಬೇಡ."

"ಮತ್ತೆ ಚೀಟಿ?"

"ಚೊಚ್ಚಲ ಗಂಡು ಅಂತ್ಲೇ ಇರ್ಲಿ. ಹೆಸರು ಮಾತ್ರ ನಂದು ಹಾಕು."

"ಹಾಗಾದ್ರೆ ನಾನ್ಯಾರು?" ಎಂದ ಅರೆಜ್ಕಿ.

"ಎರಡನೇ ಗಂಡು. ಸರ್ಕೋ ಅತ್ಲಾಗೆ, ಫೋಟೋದವನು ಬಂದ."

ಪುಸ್ತಕದಲ್ಲಿ ಆ ಚಿತ್ರವಿದೆ. ಎಡಗಡೆ ಕಿರಿಯ ಮಗ, ಮೀಸೆ ಇಳಿಬಿಟ್ಟುಕೊಂಡು. ಬಲಗಡೆ ಹಿರಿಯ ಮಗ ಘೆನಿಮಾ, ಹೂವಿನ ಲಂಗ ಉಟ್ಟು. ನಿಂತಲ್ಲಿ ನಿಲ್ಲದ್ದರಿಂದ ಮುಖ ಕೊಂಚ ಮಸುಕು.